ಶಾಲಾ ನರ್ಸ್ ಪ್ರಮಾಣಪತ್ರ ಪರೀಕ್ಷೆ: ಆಸ್ಪತ್ರೆಯ ಅಭ್ಯಾಸವನ್ನು ಬದಿಗಿಟ್ಟು ಓದುವ ಬಗೆ

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ ದಾಟಿ, ಅಮೆರಿಕದ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಕೆಲವರು ರಾತ್ರಿ ಪಾಳಿ ಸಾಕೆನಿಸಿ ಶಾಲೆಯ ಕೆಲಸದತ್ತ ಹೊರಳುತ್ತಾರೆ. ಅಲ್ಲಿನ ಶಾಲಾ ನರ್ಸ್‌ಗಳಿಗಾಗಿ ರಾಷ್ಟ್ರೀಯ ಪ್ರಮಾಣೀಕರಣ ಮಂಡಳಿಯೊಂದು ಎನ್‌ಸಿಎಸ್‌ಎನ್ (ರಾಷ್ಟ್ರೀಯ ಪ್ರಮಾಣಿತ ಶಾಲಾ ನರ್ಸ್) ಎಂಬ ಪರೀಕ್ಷೆಯನ್ನು ನಡೆಸುತ್ತದೆ. ಇದು ಐಚ್ಛಿಕ. ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳು ಶಾಲಾ ನರ್ಸ್‌ಗಳಿಗೆ ತಮ್ಮದೇ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿರುವುದರಿಂದ, ಶುಲ್ಕ ಕಟ್ಟುವ ಮೊದಲು ನಿಮ್ಮ ರಾಜ್ಯ ಕೇಳುವುದು ಯಾವುದನ್ನು ಎಂದು ಖಚಿತಪಡಿಸಿಕೊಳ್ಳಬೇಕು. ಚಾಲ್ತಿಯಲ್ಲಿರುವ ಆರ್‌ಎನ್ (ನೋಂದಾಯಿತ ನರ್ಸ್) ಪರವಾನಗಿ, ಪದವಿ ಮತ್ತು ಶಾಲಾ ನರ್ಸಿಂಗ್‌ನ ಅನುಭವ ಎನ್‌ಸಿಎಸ್‌ಎನ್‌ಗೆ ಮುಖ್ಯ ಅರ್ಹತೆಗಳು. ಅನುಭವದ ಗಂಟೆಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮಂಡಳಿಯ ಆ ವರ್ಷದ ಅಭ್ಯರ್ಥಿ ಕೈಪಿಡಿಯಲ್ಲೇ ನೋಡಿರಿ. ಸ್ನೇಹಿತರ ಮಾತನ್ನು ನೆಚ್ಚಬೇಡಿ.

ಕೈಪಿಡಿಯಲ್ಲಿರುವ ವಿಷಯಪಟ್ಟಿಯನ್ನು ಮುದ್ರಿಸಿಕೊಂಡು, ದಿನನಿತ್ಯ ಮಾಡುತ್ತಿರುವ ಕೆಲಸಗಳ ಎದುರು ಒಂದು ಗುರುತನ್ನೂ ಎಂದೂ ಕೈಹಾಕದ ಕೆಲಸಗಳ ಎದುರು ಇನ್ನೊಂದು ಗುರುತನ್ನೂ ಹಾಕಿರಿ. ಆಸ್ಪತ್ರೆಯಿಂದ ಬಂದವರಿಗೆ ರೋಗಗಳ ಭಾಗ ಸುಲಭವೆನಿಸುತ್ತದೆ, ಮತ್ತು ಬಹುಪಾಲು ಜನರು ಗೊತ್ತಿರುವುದನ್ನೇ ಮತ್ತೆ ಮತ್ತೆ ಓದಿ ಸಮಾಧಾನಪಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹತ್ತು ವಾರಗಳ ಓದಿನಲ್ಲಿ ಕನಿಷ್ಠ ನಾಲ್ಕು ವಾರಗಳು ಕಾನೂನು, ಕೆಲಸದ ವಹಿಸಿಕೊಡುವಿಕೆ ಮತ್ತು ತಪಾಸಣೆಗಳಿಗೆ ಮೀಸಲಾಗಬೇಕು.

ಒಂದು ಮಾದರಿ ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಟೈಪ್ 1 ಮಧುಮೇಹವಿರುವ ಒಂಬತ್ತು ವರ್ಷದ ಹುಡುಗ ಆಟದ ಪೀರಿಯಡ್ ಮುಗಿಸಿ ಬೆವರುತ್ತ, ಕೈ ನಡುಗಿಸುತ್ತ ನಿಮ್ಮ ಕೋಣೆಗೆ ಬರುತ್ತಾನೆ. ಗ್ಲೂಕೋಮೀಟರ್ 62 ಮಿ.ಗ್ರಾಂ./ಡೆ.ಲೀ. ತೋರಿಸುತ್ತದೆ, ಅಂದರೆ ರಕ್ತದ ಸಕ್ಕರೆ ಇಳಿದಿದೆ. ಅವನಿಗೆ ಎಚ್ಚರವಿದೆ, ನುಂಗಬಲ್ಲ. ವೈದ್ಯರಿಗೆ ಕರೆ ಮಾಡುವುದು, ತಾಯಿಗೆ ಕರೆ ಮಾಡುವುದು, ಗ್ಲುಕಗಾನ್ (ರಕ್ತದ ಸಕ್ಕರೆ ಏರಿಸುವ ತುರ್ತು ಔಷಧ) ಕೊಡುವುದು, ಹಣ್ಣಿನ ರಸ ಕುಡಿಸುವುದು ಎಂಬ ನಾಲ್ಕು ಆಯ್ಕೆಗಳಲ್ಲಿ ನಮ್ಮ ಕೈ ತಾನಾಗಿ ಮೊದಲನೆಯದರತ್ತ ಹೋಗುತ್ತದೆ, ಏಕೆಂದರೆ ‘ಡಾಕ್ಟರಿಗೆ ತಿಳಿಸಿ’ ಎಂಬುದು ವಾರ್ಡಿನಲ್ಲಿ ನಾವು ಕಲಿತ ಮೊದಲ ಪಾಠ. ಶಾಲೆಯಲ್ಲಿ ಪಕ್ಕದ ಕೋಣೆಯಲ್ಲಿ ಡಾಕ್ಟರಿಲ್ಲ. ಆ ಹುಡುಗನ ಚಿಕಿತ್ಸಾ ಯೋಜನೆಗೆ ವೈದ್ಯರ ಸಹಿ ವರ್ಷದ ಆರಂಭದಲ್ಲೇ ಬಿದ್ದಿರುತ್ತದೆ. ಆದ್ದರಿಂದ 15 ಗ್ರಾಂ ಶರ್ಕರ ಸಿಗುವಷ್ಟು ರಸ ಕೊಟ್ಟು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸುವುದು ಸರಿಯಾದ ಉತ್ತರ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಗ್ಲುಕಗಾನ್ ಕೊಟ್ಟು ತುರ್ತು ಸೇವೆಯ 911ಕ್ಕೆ ಕರೆ ಮಾಡಬೇಕಿತ್ತು. ಪ್ರತಿಯೊಂದು ಅಭ್ಯಾಸ ಪ್ರಶ್ನೆಯಲ್ಲೂ ‘ಈ ಕಟ್ಟಡದಲ್ಲಿ ಆರೋಗ್ಯ ಬಲ್ಲವಳು ನಾನೊಬ್ಬಳೇ ಆಗಿದ್ದರೆ?’ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಹೇನಿನ ಪ್ರಶ್ನೆಯಲ್ಲೂ ನಮ್ಮವರು ಎಡವುತ್ತಾರೆ. ತಲೆಯಲ್ಲಿ ಹೇನು ಕಂಡ ಮಗುವನ್ನು ಕೂಡಲೇ ಮನೆಗೆ ಕಳುಹಿಸುವುದೇ ಸರಿ ಎಂದು ನಮಗೆ ಬಾಲ್ಯದಿಂದ ಅನಿಸಿರುತ್ತದೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೂ ಶಾಲಾ ನರ್ಸ್‌ಗಳ ರಾಷ್ಟ್ರೀಯ ಸಂಘವೂ ಇದನ್ನು ಒಪ್ಪುವುದಿಲ್ಲ: ಮಗು ದಿನದ ಕೊನೆಯವರೆಗೂ ತರಗತಿಯಲ್ಲಿರಬೇಕು, ಸೀರು ಪೂರ್ತಿ ಹೋಗುವವರೆಗೆ ಶಾಲೆಗೆ ಬರಬಾರದೆಂಬ ನಿಯಮವನ್ನು ಕೈಬಿಡಬೇಕು.

ಕಾನೂನಿನ ಭಾಗದಲ್ಲಿ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಯಾವ ಮಗುವಿಗೆ ಯಾವುದು ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಲು ಬರಬೇಕು. ಕಡಲೆಕಾಯಿಯ ತೀವ್ರ ಅಲರ್ಜಿಯಿದ್ದರೂ ಓದಿನಲ್ಲಿ ಚುರುಕಾಗಿರುವ ಹುಡುಗಿಗೆ ಊಟದ ಕೋಣೆಯ ಮುನ್ನೆಚ್ಚರಿಕೆಗಳು ಸಾಮಾನ್ಯವಾಗಿ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುವ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಪ್ರಕಾರ ದೊರೆಯುತ್ತವೆ. ಅಂಗವೈಕಲ್ಯದ ಕಾರಣ ವಿಶೇಷ ಬೋಧನೆಯೇ ಬೇಕಾದ ಮಗು ಐಡಿಇಎ ಎಂಬ ವಿಶೇಷ ಶಿಕ್ಷಣ ಕಾಯ್ದೆಯಡಿ ಬರುತ್ತದೆ. ಸರ್ಕಾರಿ ಶಾಲೆಯ ನರ್ಸ್ ಬರೆದಿಡುವ ದಾಖಲೆ ಸಾಮಾನ್ಯವಾಗಿ ರೋಗಿಗಳ ಮಾಹಿತಿಯ ಗೋಪ್ಯತೆ ಕಾಯುವ ಹಿಪಾ ಕಾಯ್ದೆಯ ವ್ಯಾಪ್ತಿಗೆ ಬರದೆ, ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆಯಡಿ ಶೈಕ್ಷಣಿಕ ದಾಖಲೆ ಎನಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಹಿಪಾ ಎಂಬ ಪದವನ್ನು ದಿನವೂ ಕೇಳಿದವರು ತಪ್ಪುವುದು ಇಲ್ಲಿಯೇ. ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಶಂಕೆಗೆ ಸಕಾರಣವಿದ್ದರೆ ಸಾಕ್ಷ್ಯಕ್ಕಾಗಿ ಕಾಯದೆ ನೀವೇ ವರದಿ ಮಾಡಬೇಕು ಎಂಬುದನ್ನೂ ನೆನಪಿಡಿ. ಪ್ರಿನ್ಸಿಪಾಲರ ಕಿವಿಗೆ ಹಾಕಿದ ಮಾತ್ರಕ್ಕೆ ನಿಮ್ಮ ಹೊಣೆ ತೀರುವುದಿಲ್ಲ.

ಕೆಲಸವನ್ನು ವಹಿಸಿಕೊಡುವ ಪ್ರಶ್ನೆಗಳಿಗೆ ಸರಿಯಾದ ಕೆಲಸ, ಸಂದರ್ಭ, ವ್ಯಕ್ತಿ, ನಿರ್ದೇಶನ ಮತ್ತು ಮೇಲ್ವಿಚಾರಣೆ ಎಂಬ ಐದು ಅಂಶಗಳೇ ಅಳತೆಗೋಲು. ತರಬೇತಿ ಪಡೆದ ಶಾಲಾ ಸಿಬ್ಬಂದಿಗೆ ರಾಜ್ಯದ ನಿಯಮ ಅನುಮತಿಸಿದಲ್ಲಿ ಔಷಧ ಕೊಡುವ ಕೆಲಸವನ್ನು ವಹಿಸಬಹುದು. ಮಗುವಿನ ಸ್ಥಿತಿಯನ್ನು ಅಂದಾಜಿಸುವ ಕೆಲಸವನ್ನು ವಹಿಸುವಂತಿಲ್ಲ.

ಕೆಲವು ಅಂಕಿಗಳನ್ನು ಮಾತ್ರ ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ: ತೀವ್ರ ಅಲರ್ಜಿಗೆ ಕೊಡುವ ಎಪಿನೆಫ್ರಿನ್ ಆಟೋ ಇಂಜೆಕ್ಟರ್‌ನಲ್ಲಿ (ಒತ್ತಿದರೆ ತಾನೇ ಚುಚ್ಚುವ ಸಿರಿಂಜ್) 15ರಿಂದ 30 ಕೆ.ಜಿ. ತೂಕಕ್ಕೆ 0.15 ಮಿ.ಗ್ರಾಂ., ಅದಕ್ಕಿಂತ ಹೆಚ್ಚಿಗೆ 0.3 ಮಿ.ಗ್ರಾಂ., ತೊಡೆಯ ಹೊರಬದಿಗೆ. ಫಿಟ್ಸ್ 5 ನಿಮಿಷ ದಾಟಿದರೆ ತುರ್ತು ಸ್ಥಿತಿ.

ತೇರ್ಗಡೆಯಾದವರ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿಯಿರುತ್ತದೆ. ನವೀಕರಣಕ್ಕೆ ತರಬೇತಿಯ ದಾಖಲೆಗಳು ಬೇಕಾಗುವುದರಿಂದ, ಫಲಿತಾಂಶ ಬಂದ ವಾರದಲ್ಲೇ ಒಂದು ಫೈಲು ತೆರೆದು ಹಾಜರಾದ ಪ್ರತಿಯೊಂದು ತರಬೇತಿಯ ಪತ್ರವನ್ನೂ ಅಂದಂದೇ ಅದರಲ್ಲಿ ಸೇರಿಸುತ್ತ ಹೋಗಿರಿ.