ತೂಕ × ದರ = ಹಣ: ಪೈಥಾನ್ ಕ್ಲಾಸ್‌ಗಳಿಗೆ ನಾನು ಆಪರೇಟರ್ ಬರೆದ ಬಗೆ

ಅಡಿಕೆ ಮಂಡಿಯೊಂದಕ್ಕೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡಲು ಒಪ್ಪಿಕೊಂಡಾಗ ನಾನು ಕಂಪ್ಯೂಟರ್ ಮುಟ್ಟುವ ಮೊದಲು ಅಲ್ಲಿನ ಗುಮಾಸ್ತರ ಹತ್ತಿರ ಕೂತೆ. ನಿಮ್ಮ ಲೆಕ್ಕದಲ್ಲಿ ಯಾವುದನ್ನು ಯಾವುದಕ್ಕೆ ಕೂಡಿಸುತ್ತೀರಿ, ಯಾವುದರಿಂದ ಗುಣಿಸುತ್ತೀರಿ ಅಂತ ಕೇಳಿದೆ. "ತೂಕಕ್ಕೆ ತೂಕ ಕೂಡ್ತೀವಿ, ದುಡ್ಡಿಗೆ ದುಡ್ಡು ಕೂಡ್ತೀವಿ. ದರಕ್ಕೆ ದರ ಕೂಡಿ ಏನ್ ಮಾಡೋಣ ಹೇಳಿ?" ಎಂದರು. ನಾನು ಆಮೇಲೆ ಬರೆದ ಮೂರು ಕ್ಲಾಸ್‌ಗಳೂ ಈ ಮಾತಿನ ಮೇಲೇ ನಿಂತಿವೆ. ಕ್ಲಾಸ್ ಅಂದರೆ ಪ್ರೋಗ್ರಾಂನಲ್ಲಿ ನಾವೇ ಮಾಡಿಕೊಳ್ಳುವ ಒಂದು ಅಚ್ಚು, ಆ ಅಚ್ಚಿನಿಂದ ಬಂದ ಒಂದೊಂದು ವಸ್ತುವೂ ಆಬ್ಜೆಕ್ಟ್.

ಪೈಥಾನ್‌ಗೆ ಸುಮ್ನೆ ಸಂಖ್ಯೆ ಕೊಟ್ಟರೆ ಅದಕ್ಕೆ ಗ್ರಾಂ ಯಾವುದು, ಪೈಸೆ ಯಾವುದು, ಕ್ವಿಂಟಲ್ ದರ ಯಾವುದು ಎಂದು ಗೊತ್ತಾಗುವುದಿಲ್ಲ. ಚೀಲದ ತೂಕವನ್ನು ಹಮಾಲಿ ದುಡ್ಡಿಗೆ ಕೂಡಿಸಿದರೂ ಅದು ಉತ್ತರ ಕೊಡುತ್ತದೆ. ಉತ್ತರ ಬರುವುದೇ ಇಲ್ಲಿ ತೊಂದರೆ, ತಪ್ಪು ಎಲ್ಲೂ ಕಾಣುವುದಿಲ್ಲ. ಜೊತೆಗೆ ದಶಮಾಂಶದ ಕಾಟ ಬೇರೆ. 0.1 + 0.2 ಎಂದು ಬರೆದರೆ ಪೈಥಾನ್ 0.30000000000000004 ಎನ್ನುತ್ತದೆ. ಕಂಪ್ಯೂಟರ್ ಫ್ಲೋಟ್, ಅಂದರೆ ದಶಮಾಂಶ ಇರುವ ಸಂಖ್ಯೆಗಳನ್ನು ಎರಡರ ಆಧಾರದಲ್ಲಿ ಇಡುತ್ತದೆ, ಅದರಲ್ಲಿ ಹತ್ತನೇ ಒಂದು ಭಾಗ ಪೂರ್ತಿಯಾಗಿ ಕೂರುವುದಿಲ್ಲ. ರೈತರ ಕೈಗೆ ಹೋಗುವ ಬಿಲ್ಲಿನಲ್ಲಿ ಇದಕ್ಕೆ ಜಾಗ ಇಲ್ಲ.

ಹಾಗಾಗಿ ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ, ದರವನ್ನು ಕ್ವಿಂಟಲ್‌ಗೆ ಇಷ್ಟು ಪೈಸೆ ಎಂದು ಇಟ್ಟೆ. ಮೂರೂ ಪೂರ್ಣಾಂಕ. ಮೂರಕ್ಕೂ ಒಂದೊಂದು ಕ್ಲಾಸ್, ಹೆಸರುಗಳು ಕನ್ನಡದಲ್ಲೇ: ಹಣ, ತೂಕ, ದರ. ಪೈಥಾನ್ 3ರಲ್ಲಿ ಕನ್ನಡ ಅಕ್ಷರದ ಹೆಸರುಗಳು ನಡೆಯುತ್ತವೆ. ಆದರೆ ಒಂದು ಎಚ್ಚರಿಕೆ. "ಕ್ವಿಂಟಲ್" ಥರದ ಪದದ ಮುಂದೆ ಇನ್ನೊಂದು ಅಕ್ಷರ ಸೇರಿಸುವಾಗ, ಒತ್ತಕ್ಷರ ಆಗದಿರಲಿ ಎಂದು ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದು ಹೆಸರಿನ ಒಳಗೆ ಸೇರಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಅಂಥ ಕಡೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ.

ನನಗೆ ಕೊನೆಗೆ ಬೇಕಿದ್ದದ್ದು ಈ ಮೂರು ಸಾಲು:

ನಿವ್ವಳ = ಒಟ್ಟು_ತೂಕ - ಚೀಲದ_ತೂಕ
ಮೊತ್ತ = ನಿವ್ವಳ * ಇವತ್ತಿನ_ದರ
ಕೊಡಬೇಕಾದ್ದು = ಮೊತ್ತ - ಹಮಾಲಿ - ಮುಂಗಡ

ಗುಮಾಸ್ತರು ಇದನ್ನು ಓದಿ ಸರಿ ಇದೆಯೋ ಇಲ್ಲವೋ ಹೇಳಬಲ್ಲರು. ಆಪರೇಟರ್ ಓವರ್‌ಲೋಡಿಂಗ್ (+, - ಥರದ ಚಿಹ್ನೆಗಳು ನಮ್ಮ ಕ್ಲಾಸ್‌ಗೆ ಏನು ಮಾಡಬೇಕು ಎಂದು ನಾವೇ ಬರೆಯುವುದು) ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಮ್ಮ ಕ್ಲಾಸ್‌ಗೆ + ಬರೆಯಲು ಬರುವುದಿಲ್ಲ. ಅಲ್ಲಿ ಬಿಗ್‌ಡೆಸಿಮಲ್ ಇಟ್ಟುಕೊಂಡು ಇದೇ ಲೆಕ್ಕ ಮಾಡಿದರೆ ಮಲ್ಟಿಪ್ಲೈ, ಸಬ್‌ಟ್ರಾಕ್ಟ್ ಎಂದು ಒಂದರ ಬಾಲಕ್ಕೆ ಒಂದು ಪೋಣಿಸಬೇಕು. ಕೆಲಸ ಆಗುತ್ತದೆ, ಆದರೆ ಲೆಕ್ಕ ಬಲ್ಲವರು ಅದನ್ನು ಓದಲಾರರು.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ನಾವು + ಎಂದು ಬರೆದಾಗ ಪೈಥಾನ್ ಎಡಗಡೆಯ ಆಬ್ಜೆಕ್ಟಿನ ಕ್ಲಾಸ್‌ನಲ್ಲಿ "ಆ್ಯಡ್" ಎಂಬ ಮೆಥಡ್ (ಕ್ಲಾಸ್‌ಗೆ ಸೇರಿದ ಫಂಕ್ಷನ್) ಹುಡುಕುತ್ತದೆ. ಆ ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಇರುತ್ತವೆ, ಅದಕ್ಕೇ ಇಂಥ ಮೆಥಡ್‌ಗಳನ್ನು ಡಂಡರ್ (ಡಬಲ್ ಅಂಡರ್‌ಸ್ಕೋರ್ ಎಂಬುದರ ಮೊಟಕು) ಎನ್ನುತ್ತಾರೆ. ಕಳೆಯಲು ಡಂಡರ್ ಸಬ್, ಗುಣಿಸಲು ಡಂಡರ್ ಮಲ್. ಹುಡುಕುವುದು ಕ್ಲಾಸ್‌ನಲ್ಲಿ ಮಾತ್ರ. ಒಂದು ಆಬ್ಜೆಕ್ಟಿಗೆ ಆಮೇಲೆ ಅಂಟಿಸಿದ ಡಂಡರ್ ಮೆಥಡನ್ನು ಆಪರೇಟರ್ ಕಣ್ಣೆತ್ತಿಯೂ ನೋಡುವುದಿಲ್ಲ.

ಹಣ ಕ್ಲಾಸ್‌ನ ಡಂಡರ್ ಆ್ಯಡ್ ಮೊದಲು ಎದುರಿಗಿರುವುದು ಹಣವೇ ಹೌದಾ ಎಂದು ನೋಡುತ್ತದೆ. ಹೌದಾದರೆ ಎರಡರ ಪೈಸೆ ಕೂಡಿಸಿ ಹೊಸದೊಂದು ಹಣ ಆಬ್ಜೆಕ್ಟ್ ಕೊಡುತ್ತದೆ. ಅಲ್ಲವಾದರೆ ನಾಟ್‌ಇಂಪ್ಲಿಮೆಂಟೆಡ್ ಎಂಬ ಬೆಲೆಯನ್ನು ವಾಪಸ್ ಕೊಡುತ್ತದೆ. ಇಲ್ಲಿ ನೀವೇ ಎರರ್ ಎಸೆಯಬೇಡಿ. ವಾಪಸ್ ಕೊಡುವುದಕ್ಕೂ ಎಸೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನಾಟ್‌ಇಂಪ್ಲಿಮೆಂಟೆಡ್ ಬಂತು ಅಂದರೆ ಪೈಥಾನ್ ಬಲಗಡೆಯ ಆಬ್ಜೆಕ್ಟನ್ನು ಕೇಳುತ್ತದೆ, ಅದರ ಡಂಡರ್ ರ್‍ಯಾಡ್ ಮೆಥಡ್ ಮೂಲಕ. ಅದೂ ಆಗದು ಎಂದರೆ ಮಾತ್ರ ಟೈಪ್‌ಎರರ್, ಅಂದರೆ ಈ ಬಗೆಗಳಿಗೆ ಈ ಲೆಕ್ಕ ಹೊಂದದು ಎಂಬ ದೂರು. ಎಡಗಡೆಯವರೇ ದುಡುಕಿ ಎರರ್ ಎಸೆದುಬಿಟ್ಟರೆ ಬಲಗಡೆಯವರಿಗೆ ಮಾತಾಡಲು ಅವಕಾಶವೇ ಸಿಗುವುದಿಲ್ಲ.

ಈ ಬಲಗಡೆಯ ದಾರಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಗುಣಾಕಾರದಲ್ಲಿ. ತೂಕ * ದರ ಎಂದು ಬರೆದರೂ ಹಣ ಬರಬೇಕು, ದರ * ತೂಕ ಎಂದು ಬರೆದರೂ ಬರಬೇಕು. ಎರಡು ಕ್ಲಾಸ್‌ನಲ್ಲೂ ಒಂದೇ ಲೆಕ್ಕ ಬರೆಯುವ ಬದಲು ಎಲ್ಲವನ್ನೂ ತೂಕ ಕ್ಲಾಸ್‌ನಲ್ಲೇ ಇಟ್ಟೆ. ದರ ಕ್ಲಾಸ್‌ಗೆ ಗುಣಿಸಲು ಬರುವುದೇ ಇಲ್ಲ. ಹಾಗಾಗಿ ದರ ಎಡಗಡೆ ಇದ್ದಾಗ ಪೈಥಾನ್ ತಾನಾಗೇ ತೂಕದ ಡಂಡರ್ ಆರ್‌ಮಲ್ ಕರೆಯುತ್ತದೆ. ಸೂತ್ರ ಒಂದೇ ಕಡೆ ಇರುತ್ತದೆ, ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಸೂತ್ರ ಹೇಗಿದೆ ಅನ್ನುವುದಕ್ಕೆ ಒಂದು ರಾಶಿ ಅಡಿಕೆ ಲಾಟ್ ತೆಗೆದುಕೊಳ್ಳೋಣ. ಒಟ್ಟು 63 ಕೆ.ಜಿ. 150 ಗ್ರಾಂ, ಚೀಲ 800 ಗ್ರಾಂ, ನಿವ್ವಳ 62 ಕೆ.ಜಿ. 350 ಗ್ರಾಂ. ದರ ಕ್ವಿಂಟಲ್‌ಗೆ 48,599 ರೂಪಾಯಿ. ಕ್ಲಾಸ್‌ಗಳ ಒಳಗೆ ಇದು 62,350 ಗ್ರಾಂ ಮತ್ತು 48,59,900 ಪೈಸೆ. ಎರಡನ್ನೂ ಗುಣಿಸಿ 1,00,000ದಿಂದ ಭಾಗಿಸಬೇಕು, ಯಾಕೆಂದರೆ ಒಂದು ಕ್ವಿಂಟಲ್ ಅಂದರೆ ಅಷ್ಟು ಗ್ರಾಂ. ಬರುವುದು 30,30,147.65 ಪೈಸೆ. ಅದನ್ನು 30,30,148 ಮಾಡಿದರೆ 30,301 ರೂಪಾಯಿ 48 ಪೈಸೆ. ಹೀಗೆ ಸರಿಪಡಿಸಲು ಪೈಥಾನ್‌ನ ರೌಂಡ್ ಬಳಸಲಿಲ್ಲ. ಅದು ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 2.5 ಕೊಟ್ಟರೆ 2 ಎನ್ನುತ್ತದೆ. ಮಂಡಿಯಲ್ಲಿ ಅರ್ಧ ಅಂದರೆ ಮೇಲಕ್ಕೇ. ಭಾಗಿಸುವ ಮೊದಲು 50,000 ಕೂಡಿಸಿ ಆಮೇಲೆ // (ಶೇಷ ಬಿಟ್ಟು ಪೂರ್ಣಾಂಕ ಕೊಡುವ ಭಾಗಾಕಾರ) ಹಾಕಿದರೆ ಆಯಿತು, ಫ್ಲೋಟ್ ಎಲ್ಲೂ ಒಳಗೆ ಬರುವುದಿಲ್ಲ.

ಶೇಕಡಾ ಲೆಕ್ಕಕ್ಕೆ ಹಣವನ್ನು ಸಂಖ್ಯೆಯಿಂದ ಗುಣಿಸಬೇಕು. ಇಲ್ಲಿ ಯಾರಾದರೂ 0.02 ಎಂದು ಬರೆದರೆ ಫ್ಲೋಟ್ ಹಿಂಬಾಗಿಲಿನಿಂದ ಬಂದ ಹಾಗೆ. ಅದನ್ನು ತಡೆಯಲು ಒಂದು ಚೆಂದದ ದಾರಿ ಇದೆ. ಪೈಥಾನ್‌ನ ನಂಬರ್ಸ್ ಮಾಡ್ಯೂಲ್‌ನಲ್ಲಿ ರ್‍ಯಾಷನಲ್ ಎಂಬ ವರ್ಗ ಇದೆ. ಪೂರ್ಣಾಂಕ ಮತ್ತು ಫ್ರ್ಯಾಕ್ಷನ್ (ಭಿನ್ನರಾಶಿ) ಅದರಲ್ಲಿ ಸೇರುತ್ತವೆ, ಫ್ಲೋಟ್ ಸೇರುವುದಿಲ್ಲ. ಎದುರಿಗಿರುವುದು ರ್‍ಯಾಷನಲ್ ಹೌದಾ ಎಂದು ಒಂದು ಸಾಲಿನಲ್ಲಿ ನೋಡಿದರೆ ಮುಗಿಯಿತು. ಶೇಕಡಾ 2 ಬೇಕಾದವರು ನೂರರಲ್ಲಿ ಎರಡು ಎಂದು ಫ್ರ್ಯಾಕ್ಷನ್ ಬರೆಯುತ್ತಾರೆ. ಮೊತ್ತ ಋಣ ಇದ್ದಾಗ ಮಾತ್ರ ಸ್ವಲ್ಪ ಹುಷಾರಾಗಿರಬೇಕು. // ಯಾವಾಗಲೂ ಕೆಳಕ್ಕೇ ಇಳಿಯುತ್ತದೆ, -7 // 2 ಅಂದರೆ -4. ಆದ್ದರಿಂದ ಋಣ ಚಿಹ್ನೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಮಾಡಿ, ಕೊನೆಗೆ ಮತ್ತೆ ಹಾಕುತ್ತೇನೆ.

ಋಣದ ವಿಷಯ ಬಂತಲ್ಲ, ಹಣಕ್ಕೂ ತೂಕಕ್ಕೂ ಇಲ್ಲಿ ಬೇರೆ ಬೇರೆ ನಿಯಮ. ರೈತರು ಜಾಸ್ತಿ ಮುಂಗಡ ತೆಗೆದುಕೊಂಡಿದ್ದರೆ ಕೊಡಬೇಕಾದ್ದು ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದು ಅವರ ಬಾಕಿ. ಆದರೆ ಋಣ ತೂಕದ ಅಡಿಕೆ ಅಂತ ಒಂದಿಲ್ಲ. ತೂಕದ ಡಂಡರ್ ಸಬ್ ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ವ್ಯಾಲ್ಯೂಎರರ್ ಎಸೆಯುತ್ತದೆ. ಚೀಲದ ತೂಕದ ಜಾಗದಲ್ಲಿ ಯಾರೋ 800 ಗ್ರಾಂ ಬದಲು 800 ಕೆ.ಜಿ. ಹೊಡೆದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಭಾಗಾಕಾರದ ಬಗ್ಗೆ ನಾನು ಗಟ್ಟಿಯಾಗಿ ಒಂದು ನಿಲುವು ತೆಗೆದುಕೊಂಡೆ. ಹಣ / ತೂಕ ಅಂದರೆ ದರ. ಸರಾಸರಿ ದರ ತೆಗೆಯಲು ಇದೇ ಬೇಕು. ಹಣ / ಹಣ ಅಂದರೆ ಬರೀ ಅನುಪಾತ, ಅದಕ್ಕೆ ಫ್ರ್ಯಾಕ್ಷನ್ ಕೊಡುತ್ತೇನೆ. ಆದರೆ ಹಣ / 3 ಬರೆಯಲು ಬಿಡಲಿಲ್ಲ. 10,000 ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ 3,333.33ರಂತೆ ಕೊಟ್ಟರೆ ಒಂದು ಪೈಸೆ ಎಲ್ಲಿಗೆ ಹೋಯಿತು? ಒಂದು ಪೈಸೆ ತಾನೇ ಅನ್ನಬಹುದು. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆ ಆಗದೆ ಹುಡುಕುವವರ ಪಾಡು ಬೇರೆ. ಅದಕ್ಕೇ "ಹಂಚು" ಎಂಬ ಮಾಮೂಲಿ ಮೆಥಡ್ ಬರೆದೆ. ಅದು ಡಿವ್‌ಮಾಡ್ ಬಳಸಿ ಭಾಗಲಬ್ಧ, ಶೇಷ ಎರಡನ್ನೂ ತೆಗೆದು, ಉಳಿದ ಪೈಸೆಗಳನ್ನು ಮೊದಲಿನವರಿಂದ ಒಂದೊಂದಾಗಿ ಕೊಡುತ್ತಾ ಹೋಗುತ್ತದೆ: 3,333.34, 3,333.33, 3,333.33. ಇಂಥ ಕಡೆ ಆಪರೇಟರ್‌ಗಿಂತ ಹೆಸರಿರುವ ಮೆಥಡ್ ಮೇಲು. ಯಾಕೆಂದರೆ / ಎಂಬ ಗೆರೆ ಆ ಉಳಿದ ಪೈಸೆಯ ಕಥೆಯನ್ನು ಹೇಳುವುದಿಲ್ಲ.

ಎಲ್ಲಿ ಆಪರೇಟರ್ ಇರಬೇಕು, ಎಲ್ಲಿ ಇರಬಾರದು ಅನ್ನುವುದಕ್ಕೆ ಪೈಥಾನ್‌ನ ಡೇಟ್‌ಟೈಮ್ ನನಗೆ ಮಾದರಿ. ಅಲ್ಲಿ ಒಂದು ತಾರೀಕಿನಿಂದ ಇನ್ನೊಂದು ತಾರೀಕು ಕಳೆದರೆ ಅವಧಿ ಬರುತ್ತದೆ. ತಾರೀಕಿಗೆ ಅವಧಿ ಕೂಡಿಸಿದರೆ ತಾರೀಕು ಬರುತ್ತದೆ. ತಾರೀಕಿಗೆ ತಾರೀಕು ಕೂಡಿಸಲು ಹೋದರೆ ಟೈಪ್‌ಎರರ್. ಗುಮಾಸ್ತರು ದರದ ಬಗ್ಗೆ ಹೇಳಿದ್ದೂ ಇದನ್ನೇ ಅಲ್ವಾ? ಆದ್ದರಿಂದ ದರ + ದರ ಇಲ್ಲ, ಹಣ * ಹಣ ಇಲ್ಲ, ಹಣ + ತೂಕ ಇಲ್ಲ. ಇವು ಎರರ್ ಕೊಡುತ್ತವೆ ಎಂದು ಪೈಟೆಸ್ಟ್ ಎಂಬ ಪರೀಕ್ಷಾ ಸಾಧನದಲ್ಲಿ ಒಂದೊಂದಕ್ಕೂ ಪರೀಕ್ಷೆ ಬರೆದೆ. ಸರಿ ಉತ್ತರ ಬರುತ್ತದೆಯೇ ಎಂಬ ಪರೀಕ್ಷೆಗಿಂತ ಈ ಪರೀಕ್ಷೆಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಮುಂದೆ ಯಾರೋ ಅನುಕೂಲಕ್ಕೆಂದು ಒಂದು ಆಪರೇಟರ್ ಸೇರಿಸಿದರೆ ಮೊದಲು ಕೂಗುವುದು ಇವೇ.

ಒಟ್ಟು ಕೂಡಿಸುವ ಸಮ್ ಫಂಕ್ಷನ್ ಹತ್ತಿರ ತುಂಬಾ ಜನ ಎಡವುತ್ತಾರೆ. ಸಮ್ ತನ್ನ ಲೆಕ್ಕವನ್ನು 0ಯಿಂದ ಶುರು ಮಾಡುತ್ತದೆ, ಅಂದರೆ ಮೊದಲ ಹೆಜ್ಜೆಯೇ 0 + ಹಣ. ಬರೀ 0ಗೂ ಹಣಕ್ಕೂ ಸಂಬಂಧ ಇಲ್ಲ, ಹಾಗಾಗಿ ಎರರ್. ಡಂಡರ್ ರ್‍ಯಾಡ್‌ನಲ್ಲಿ 0 ಬಂದರೆ ಒಪ್ಪಿಕೊಳ್ಳುವಂತೆ ಮಾಡಿ ಎಂದು ಅನೇಕರು ಸಲಹೆ ಕೊಡುತ್ತಾರೆ. ನಾನು ಅದನ್ನು ಮಾಡಲಿಲ್ಲ. ಒಂದು ದಿನ ಮಾಲೇ ಬರದೆ ಪಟ್ಟಿ ಖಾಲಿ ಇದ್ದರೆ ಸಮ್ ಆ ಬರೀ 0ಯನ್ನೇ ವಾಪಸ್ ಕೊಡುತ್ತದೆ. ಅದು ಹಣ ಅಲ್ಲ, ಮುಂದೆ ಬಿಲ್ಲು ಛಾಪಿಸುವಾಗ ಒಡೆಯುತ್ತದೆ. ಸಮ್‌ಗೆ ಎರಡನೇ ಮಾಹಿತಿಯಾಗಿ ಹಣ(0) ಕೊಟ್ಟರೆ ಖಾಲಿ ದಿನದಲ್ಲೂ ಸರಿಯಾದ ಸೊನ್ನೆ ಬರುತ್ತದೆ.

ಹೋಲಿಕೆಯ ಆಪರೇಟರ್‌ಗಳನ್ನು ಕೈಯಾರೆ ಬರೆಯಲಿಲ್ಲ. ಪೈಥಾನ್ 3.7ರಿಂದ ಡೇಟಾಕ್ಲಾಸ್ ಇದೆ, ಅದು ಕ್ಲಾಸ್‌ಗೆ ಬೇಕಾದ ಮಾಮೂಲಿ ಮೆಥಡ್‌ಗಳನ್ನು ತಾನೇ ಬರೆದುಕೊಡುತ್ತದೆ. ಅದಕ್ಕೆ ಫ್ರೋಜನ್ (ಆಬ್ಜೆಕ್ಟ್ ಆಮೇಲೆ ಬದಲಾಗಬಾರದು) ಮತ್ತು ಆರ್ಡರ್ (ಹಿರಿದು ಕಿರಿದು ಹೋಲಿಸಬೇಕು) ಎರಡನ್ನೂ ಟ್ರೂ ಎಂದು ಕೊಟ್ಟರೆ ==, <, > ಎಲ್ಲ ಸಿಗುತ್ತವೆ, ಹ್ಯಾಶ್ (ಆಬ್ಜೆಕ್ಟನ್ನು ಬೇಗ ಹುಡುಕಲು ಪೈಥಾನ್ ಬಳಸುವ ಸಂಖ್ಯೆ) ಕೂಡ. ನೀವೇ == ಚಿಹ್ನೆಯ ಡಂಡರ್ ಈಕ್ಯೂ ಬರೆದು ಹ್ಯಾಶ್ ಬರೆಯದಿದ್ದರೆ ಪೈಥಾನ್ ಹ್ಯಾಶನ್ನು ತೆಗೆದುಹಾಕುತ್ತದೆ. ಆಮೇಲೆ ಆ ಆಬ್ಜೆಕ್ಟನ್ನು ಸೆಟ್‌ನಲ್ಲಿ ಹಾಕಲಾಗದು, ಡಿಕ್ಷನರಿಯ ಕೀ ಮಾಡಲಾಗದು. ಇನ್ನೊಂದು ಸೂಕ್ಷ್ಮ ಇದೆ. ಹಣ(500) < 500 ಬರೆದರೆ ಎರರ್ ಬರುತ್ತದೆ, ಆದರೆ ಹಣ(500) == 500 ಬರೆದರೆ ಎರರ್ ಇಲ್ಲ, ಸದ್ದಿಲ್ಲದೆ ಫಾಲ್ಸ್ ಬರುತ್ತದೆ. == ವಿಷಯದಲ್ಲಿ ಎರಡೂ ಕಡೆ ನಾಟ್‌ಇಂಪ್ಲಿಮೆಂಟೆಡ್ ಬಂದಾಗ ಪೈಥಾನ್ ಇವೆರಡೂ ಒಂದೇ ಆಬ್ಜೆಕ್ಟಾ ಎಂದು ಮಾತ್ರ ನೋಡುತ್ತದೆ.

ಫ್ರೋಜನ್ ಮಾಡಿದ್ದಕ್ಕೆ ಇನ್ನೊಂದು ಕಾರಣ +=. += ಚಿಹ್ನೆಯದೇ ಆದ ಡಂಡರ್ ಐಆ್ಯಡ್ ಬರೆಯದಿದ್ದರೆ ಪೈಥಾನ್ ಅದನ್ನು ಮಾಮೂಲಿ ಕೂಡುವಿಕೆ ಮಾಡಿ ಹೊಸ ಆಬ್ಜೆಕ್ಟನ್ನು ಅದೇ ಹೆಸರಿಗೆ ಕಟ್ಟುತ್ತದೆ. ಹಳೆಯ ಮೊತ್ತವನ್ನು ಬೇರೆ ಎಲ್ಲೋ ಇಟ್ಟುಕೊಂಡವರಿಗೆ ಅದು ಹಾಗೇ ಉಳಿಯುತ್ತದೆ. ಹಣದ ವಿಷಯದಲ್ಲಿ ಇದೇ ಬೇಕು.

ಕೊನೆಗೆ ಸೇರಿಸಿದ್ದು ಡಂಡರ್ ಬೂಲ್, ಆಬ್ಜೆಕ್ಟನ್ನು ಟ್ರೂ ಎನ್ನಬೇಕೋ ಫಾಲ್ಸ್ ಎನ್ನಬೇಕೋ ಹೇಳುವ ಮೆಥಡ್. ಅದು ಇಲ್ಲದಿದ್ದರೆ ಇಫ್ ಬಾಕಿ ಎಂದು ಬರೆದಾಗ ಬಾಕಿ ಸೊನ್ನೆ ಇದ್ದರೂ ಪೈಥಾನ್‌ಗೆ ಅದು ಟ್ರೂ, ಯಾಕೆಂದರೆ ನಮ್ಮ ಆಬ್ಜೆಕ್ಟ್‌ಗಳೆಲ್ಲ ಹುಟ್ಟಿನಿಂದ ಟ್ರೂ. ಸಾಲ ತೀರಿಸಿದವರಿಗೆ ಬಾಕಿ ನೋಟಿಸ್ ಹೋಗುವುದು ಹೀಗೇ. ಪೈಸೆ ಸೊನ್ನೆ ಅಲ್ಲವೇ ಎಂದು ನೋಡುವ ಒಂದು ಸಾಲು ಸಾಕು. ಆ್ಯಂಡ್, ಆರ್, ನಾಟ್ ಇವುಗಳನ್ನು ಮಾತ್ರ ಯಾವ ಡಂಡರ್‌ನಿಂದಲೂ ಬದಲಿಸಲಾಗದು, ಅವು ಕೇಳುವುದು ಈ ಬೂಲ್ ಉತ್ತರವನ್ನೇ.

ಡೇಟಾಬೇಸ್‌ನಲ್ಲಿ ಈ ಕ್ಲಾಸ್‌ಗಳು ಇಲ್ಲ. ಅಲ್ಲಿ ಪೈಸೆ ಮತ್ತು ಗ್ರಾಂ ಬರೀ ಪೂರ್ಣಾಂಕದ ಕಾಲಂಗಳು. ಓದಿದ ತಕ್ಷಣ ಆಬ್ಜೆಕ್ಟ್ ಮಾಡುತ್ತೇನೆ, ಬರೆಯುವ ಮುಂಚೆ ಪೂರ್ಣಾಂಕ ಮಾಡುತ್ತೇನೆ. ಇಡೀ ಹಂಗಾಮಿನ ಒಟ್ಟು ಬೇಕಾದಾಗ ಡೇಟಾಬೇಸ್‌ಗೇ ಕೂಡಿಸಲು ಹೇಳಿ, ಬಂದ ಒಂದು ಸಂಖ್ಯೆಯನ್ನು ಮಾತ್ರ ಹಣ ಮಾಡಿಕೊಳ್ಳುತ್ತೇನೆ. ಲಕ್ಷಗಟ್ಟಲೆ ಆಬ್ಜೆಕ್ಟ್ ಕಟ್ಟಿ ಒಂದೊಂದಾಗಿ + ಮಾಡುತ್ತಾ ಕೂತರೆ ಪೈಥಾನ್ ನಿಧಾನವಾಗುತ್ತದೆ. ದಿನದ ಬಿಲ್ಲುಗಳಿಗೆ ಆ ತೊಂದರೆ ಇಲ್ಲ.