ಕೈ ಬೀಸುವ ಮುನ್ನ

ಹವ್ಯಾಸಿ ಫುಟ್‌ಬಾಲ್ ಪಂದ್ಯಗಳಿಗೆ ನಾನು ರೆಫ್ರಿ. ಫೌಲು, ಆಫ್‌ಸೈಡ್ ಬಗ್ಗೆ ಎಲ್ಲರೂ ವಾದಿಸುತ್ತಾರೆ. ಆಟಗಾರರು ಮೈದಾನದ ಗೆರೆ ದಾಟಿ ಹೋಗಿ ಬರುವುದರ ಮೇಲೆ ಯಾರಿಗೂ ಅಷ್ಟು ಗಮನವಿಲ್ಲ. ನನಗೆ ಹೆಚ್ಚು ಎಚ್ಚರ ಬೇಕಾಗುವುದು ಅಲ್ಲೇ.

ಬದಲಿ ಆಟಗಾರನನ್ನು ಇಳಿಸುವುದು ಅಂಥ ತಲೆನೋವಲ್ಲ. ಆಟ ನಿಂತಿರಬೇಕು, ನನಗೆ ತಿಳಿಸಿರಬೇಕು. 2019ರಲ್ಲಿ ಬಂದ ನಿಯಮದಂತೆ ಹೊರಹೋಗುವವನು ತನಗೆ ಹತ್ತಿರದ ಗೆರೆಯಿಂದಲೇ ಹೋಗಬೇಕು. ಗೆಲ್ಲುತ್ತಿರುವ ತಂಡದವರು ಸಮಯ ಕಳೆಯಲು ಮೈದಾನ ಅಡ್ಡಹಾಯ್ದು ಕಾಲೆಳೆಯುತ್ತಾ ನಡೆಯುವುದಕ್ಕೆ ಇದರಿಂದ ಕಡಿವಾಣ ಬಿತ್ತು. ಅವನು ಪೂರ್ತಿ ಹೊರಬಿದ್ದ ಮೇಲೆಯೇ ಮಧ್ಯಗೆರೆಯ ಬಳಿ ನಿಂತ ಬದಲಿ ಆಟಗಾರನಿಗೆ ಸನ್ನೆ ಮಾಡುತ್ತೇನೆ.

ಕಷ್ಟವಿರುವುದು ಗಾಯಾಳು ಮರಳುವಾಗ. ಒಮ್ಮೆ ಡಿಫೆಂಡರ್ ಒಬ್ಬನ ಮೊಣಕಾಲಲ್ಲಿ ರಕ್ತ ಬಂತು, ಹೊರಗೆ ಕಳಿಸಿದೆ. ಪಟ್ಟಿ ಕಟ್ಟಿಸಿಕೊಂಡು ಟಚ್‌ಲೈನಿಗೆ, ಅಂದರೆ ಮೈದಾನದ ಉದ್ದದ ಬದಿಯ ಗೆರೆಗೆ, ಬಂದು ನಿಂತ. ರಕ್ತ ನಿಂತಿತ್ತು, ಆದರೆ ಕಾಲುಚೀಲದ ಮೇಲೆ ಅಂಗೈಯಗಲ ಕಲೆ. ರಕ್ತ ಹತ್ತಿದ ಬಟ್ಟೆಯಲ್ಲಿ ಆಡುವಂತಿಲ್ಲ, ಬದಲಿಸಲು ಹೇಳಿದೆ. ಅಷ್ಟರಲ್ಲಿ ಎದುರಾಳಿಗಳು ಅವನಿದ್ದ ಬದಿಯಲ್ಲೇ ಚೆಂಡು ತಂದರು. ಹೊಸ ಕಾಲುಚೀಲ ಹಾಕಿ ಸಿದ್ಧನಾದವನು ಕೈಯೆತ್ತಿ ಕೇಳುತ್ತಿದ್ದಾನೆ, ಕೋಚ್ ಹಿಂದಿನಿಂದ ಕೂಗುತ್ತಿದ್ದಾರೆ. ನಾನು ಬಿಡಲಿಲ್ಲ. ಚೆಂಡು ಉರುಳುತ್ತಿರುವಾಗಲೂ ಟಚ್‌ಲೈನಿನಿಂದ ಒಳಬಿಡಲು ನಿಯಮದಲ್ಲಿ ಅವಕಾಶವಿದೆ, ನಿಜ. ಆದರೆ ಆ ಗಳಿಗೆಯಲ್ಲಿ ಕೈ ಬೀಸಿದ್ದರೆ, ಎದುರಾಳಿ ನೋಡಿಯೇ ಇರದ ಕಡೆಯಿಂದ ಅವನು ಚೆಂಡಿಗೆ ಎರಗುತ್ತಿದ್ದ. ಇದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚೆಂಡು ಆಚೆ ಬದಿಗೆ ಹೋದ ಮೇಲೆ ಅವನ ಕಣ್ಣಿಗೆ ಕಣ್ಣು ಸೇರಿಸಿ, ತೋಳು ಚಾಚಿ ಒಳಕರೆದೆ. ಅರೆಬರೆ ಸನ್ನೆಯನ್ನು ಯಾರೂ ಅನುಮತಿ ಎಂದುಕೊಳ್ಳಬಾರದು. ಅನುಮತಿಯಿಲ್ಲದೆ ನುಗ್ಗಿದವನಿಗೆ ಹಳದಿ ಕಾರ್ಡ್ ಕೊಡಲೇಬೇಕಾಗುತ್ತದೆ.

ಎದುರಾಳಿಯನ್ನು ತಪ್ಪಿಸಲು ಓಟದ ಭರದಲ್ಲಿ ಗೆರೆಯಾಚೆ ಕಾಲಿಟ್ಟು ಬಂದವನ ಮಾತು ಬೇರೆ. ಅದು ಆಟದ ಭಾಗ, ನಾನು ಸೀಟಿ ಮುಟ್ಟುವುದಿಲ್ಲ.

ಗೋಲಾದಾಗ ಮಾತ್ರ ಒಂದು ಕೆಲಸ ತಪ್ಪಿಸುವುದಿಲ್ಲ. ಸಂಭ್ರಮ ಮುಗಿದು ಚೆಂಡು ನಡುವಿಗೆ ಬರುವಷ್ಟರಲ್ಲಿ ಎರಡೂ ತಂಡದ ತಲೆ ಎಣಿಸುತ್ತೇನೆ. ಗೋಲು ಹೊಡೆದ ತಂಡದ ಹೆಚ್ಚುವರಿ ಆಟಗಾರ ಆಗ ಒಳಗಿದ್ದ ಎಂದು ಗೊತ್ತಾದರೆ ಗೋಲು ರದ್ದು, ಅವನಿದ್ದ ಜಾಗದಿಂದ ಎದುರಾಳಿಗೆ ಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರವಾಗಿ ಗೋಲಿಗೇ ಹೊಡೆಯಬಹುದಾದ ಒದೆತ. ಆಟ ಮತ್ತೆ ಶುರುವಾದ ಮೇಲೆ ಗೊತ್ತಾದರೆ ಆ ಗೋಲನ್ನು ಅಳಿಸುವಂತಿಲ್ಲ.