ಪುಟ ಹಂಚಿಕೊಳ್ಳಬೇಡಿ, ಪ್ರಶ್ನೆ ಹಂಚಿಕೊಳ್ಳಿ

ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳ ಗುಂಪು ಪ್ರೆಸೆಂಟೇಷನ್‌ಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತ ಬಂದಿದ್ದೇನೆ. ಅಫಜಲಪುರ, ಸೇಡಂ, ಜೇವರ್ಗಿಯಿಂದ ಬೆಳಗಿನ ಬಸ್ ಹಿಡಿದು ಬರುವ ಈ ಮಕ್ಕಳು ಶ್ರಮಪಡುವುದರಲ್ಲಿ ಕಡಿಮೆಯಿಲ್ಲ. ಆದರೆ ಅಂತರರಾಷ್ಟ್ರೀಯ ಅಪರಾಧ ಪ್ರಕರಣ ಸಿಕ್ಕಾಗ ಹೆಚ್ಚಿನ ಗುಂಪುಗಳು ಒಂದೇ ಕಡೆ ಎಡವುತ್ತವೆ. ಒಬ್ಬರಿಗೆ ದೇಶದ ಇತಿಹಾಸ, ಒಬ್ಬರಿಗೆ ಘಟನೆ, ಒಬ್ಬರಿಗೆ ಶಿಕ್ಷೆ, ಉಳಿದವರಿಗೆ ಸ್ಲೈಡು. ಕೋರ್ಟು ಯಾಕೆ ಹಾಗೆ ತೀರ್ಮಾನಿಸಿತು ಎಂಬುದು ಯಾರ ಪಾಲಿಗೂ ಬರುವುದಿಲ್ಲ. ಒಂದು ಪ್ರಶ್ನೆ ಕೇಳಿದರೆ, ‘ಸರ್, ನಂದು ಬರೇ ಫ್ಯಾಕ್ಟ್ಸ್ ಅದರೀ, ಲಾ ಪಾರ್ಟ್ ಅಕಿಂದು’ ಎಂಬ ಉತ್ತರ.

ಮೊದಲು ಪ್ರಕರಣ ಆರಿಸಿ

ಮೊದಲ ಸಲ ಮಾಡುವವರು ಅಲ್ ಮಹ್ದಿ ಪ್ರಕರಣ ತೆಗೆದುಕೊಳ್ಳಿ. 2012ರಲ್ಲಿ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸೂಫಿ ಸಂತರ ಗೋರಿಗಳನ್ನು ಕೆಡವಿದ ಪ್ರಕರಣ ಅದು. ಆರೋಪಿ ತಪ್ಪೊಪ್ಪಿಕೊಂಡದ್ದರಿಂದ ತೀರ್ಪು ಚಿಕ್ಕದು, 50 ಪುಟದೊಳಗೆ ಮುಗಿಯುತ್ತದೆ. 2016ರಲ್ಲಿ 9 ವರ್ಷ ಶಿಕ್ಷೆಯಾಯಿತು. ಒಂದು ಗೋರಿ ಬಿದ್ದರೆ ಊರಿಗೆ ಊರೇ ಯಾಕೆ ಕುಸಿಯುತ್ತದೆ ಎಂಬುದನ್ನು ಖಾಜಾ ಬಂದೇ ನವಾಜ್ ದರ್ಗಾದ ಉರುಸು ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಕೋರ್ಟು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಇದೆ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವೂ ಇದೆ. ಮೊದಲನೆಯದರಲ್ಲಿ ದೇಶಗಳು ಎದುರುಬದುರಾಗುತ್ತವೆ, ಎರಡನೆಯದರಲ್ಲಿ ವ್ಯಕ್ತಿಗಳ ಮೇಲೆ ವಿಚಾರಣೆ ನಡೆಯುತ್ತದೆ. ಅಲ್ ಮಹ್ದಿ ಪ್ರಕರಣ ಎರಡನೆಯದರದು. ಕುಲಭೂಷಣ್ ಜಾಧವ್ ಪ್ರಕರಣ ಮೊದಲನೆಯದಕ್ಕೆ ಸೇರಿದ್ದು, ಅದನ್ನು ಇಲ್ಲಿಗೆ ತರಬೇಡಿ. 1998ರಲ್ಲಿ ನರಮೇಧದ ಅಪರಾಧಕ್ಕೆ ಅಕಾಯೇಸು ಎಂಬಾತನನ್ನು ದೋಷಿ ಎಂದದ್ದು ಇವೆರಡೂ ಅಲ್ಲ, ರುವಾಂಡಾಕ್ಕಾಗಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸ್ಥಾಪಿಸಿ ತಾಂಜಾನಿಯಾದ ಅರುಷಾದಲ್ಲಿ ನಡೆಸಿದ ನ್ಯಾಯಮಂಡಳಿ.

ಮೂಲ ತೀರ್ಪು ಓದಿ

ಅಪರಾಧ ನ್ಯಾಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಶ್ನೋತ್ತರದ ಗೈಡ್‌ಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಶಿಕ್ಷೆ ಎಷ್ಟು ಎಂದಿರುತ್ತದೆ, ಯಾಕೆ ಎಂದಿರುವುದಿಲ್ಲ. ಮೊಬೈಲ್ ಅನುವಾದವನ್ನೂ ನಂಬಬೇಡಿ. ಶಿಕ್ಷೆ ಎಂಬರ್ಥದ ‘ಸೆಂಟೆನ್ಸ್’ ಎಂಬುದನ್ನು ಅದು ‘ವಾಕ್ಯ’ ಮಾಡಿದ್ದರಿಂದ ‘14 ವರ್ಷಗಳ ವಾಕ್ಯ’ ಎಂಬ ಸ್ಲೈಡನ್ನೇ ಒಂದು ಗುಂಪು ತೋರಿಸಿಬಿಟ್ಟಿತ್ತು. ಯಾರೂ ಒಮ್ಮೆ ತಿರುಗಿ ಓದಿರಲಿಲ್ಲ.

ತೀರ್ಪನ್ನು ಪ್ರಶ್ನೆಗಳಾಗಿ ಒಡೆಯಿರಿ

ಇದೇ ಕಷ್ಟದ ಕೆಲಸ, ನಿಮ್ಮ ಸಮಯದ ಅರ್ಧ ಭಾಗ ಇದಕ್ಕೇ ಹೋಗಬೇಕು. ಲುಬಾಂಗಾ ಪ್ರಕರಣವನ್ನೇ ನೋಡಿ. ಕಾಂಗೋದಲ್ಲಿ 15 ವರ್ಷದೊಳಗಿನ ಮಕ್ಕಳನ್ನು ತನ್ನ ಸಶಸ್ತ್ರ ಗುಂಪಿಗೆ ಸೇರಿಸಿಕೊಂಡು ಕಾಳಗಕ್ಕೆ ಬಳಸಿದ್ದಕ್ಕೆ 2012ರಲ್ಲಿ 14 ವರ್ಷ ಶಿಕ್ಷೆಯಾದ ಪ್ರಕರಣ, ಅಪರಾಧ ನ್ಯಾಯಾಲಯದ ಮೊದಲ ತೀರ್ಪು. ಪುಟಗಳು ಆರುನೂರರ ಹತ್ತಿರ. ಗಾಬರಿಯಾಗಬೇಡಿ, ಒಳಗಿರುವುದು ಮೂರು ಪ್ರಶ್ನೆ.

ಕೃತ್ಯ ನಡೆಯಿತೇ? ಮಾಜಿ ಬಾಲಸೈನಿಕರು ಎಂದು ಪ್ರಾಸಿಕ್ಯೂಷನ್ ಕರೆತಂದ ಸಾಕ್ಷಿಗಳ ಮಾತನ್ನು ಕೋರ್ಟು ನೆಚ್ಚಿಕೊಳ್ಳಲಿಲ್ಲ. ಸಾಕ್ಷಿಗಳನ್ನು ಹುಡುಕಿಕೊಟ್ಟ ಮಧ್ಯವರ್ತಿಗಳು ಅವರಿಗೆ ಸುಳ್ಳು ಹೇಳಿಕೊಟ್ಟಿರಬಹುದೆಂಬ ಶಂಕೆ ಅದಕ್ಕಿತ್ತು. ಆದರೂ ದೋಷಿ ಎಂದಿತು. ಹೇಗೆ? ತರಬೇತಿ ಶಿಬಿರದ ವಿಡಿಯೊಗಳಲ್ಲಿ ಕಣ್ಣಿಗೆ ಕಾಣುವಷ್ಟು ಚಿಕ್ಕ ಮಕ್ಕಳಿದ್ದರು, ಬೇರೆ ಸಾಕ್ಷಿಗಳೂ ಇದ್ದರು. ಇದನ್ನು ಹೇಳದ ಗುಂಪು ಪ್ರಕರಣದ ಜೀವವನ್ನೇ ಬಿಟ್ಟಂತೆ.

ಅದು ಎಂಥ ಯುದ್ಧ? ದೇಶ ದೇಶಗಳ ನಡುವಿನದೋ, ಒಳಗಿನ ಗುಂಪುಗಳದೋ ಎಂಬುದರ ಮೇಲೆ ಅನ್ವಯಿಸುವ ಕಲಮೇ ಬದಲಾಗುತ್ತದೆ. ವಿಚಾರಣೆಗೆ ಮುನ್ನ ಆರೋಪ ಖಚಿತಪಡಿಸಿದ ಪೀಠ ಸ್ವಲ್ಪ ಕಾಲದ ಮಟ್ಟಿಗೆ ಅಂತರರಾಷ್ಟ್ರೀಯ ಯುದ್ಧ ಎಂದಿತ್ತು, ವಿಚಾರಣಾ ಪೀಠ ಅದನ್ನು ಒಪ್ಪದೆ ಆಂತರಿಕ ಸಂಘರ್ಷ ಎಂದಿತು.

ಆರೋಪಿಗೂ ಕೃತ್ಯಕ್ಕೂ ನಂಟೇನು? ಜೊತೆಗಾರರೊಂದಿಗೆ ಹೂಡಿದ ಯೋಜನೆಯಲ್ಲಿ ಲುಬಾಂಗಾನ ಪಾತ್ರ ಅತ್ಯಗತ್ಯವಾಗಿತ್ತು ಎಂದಿತು ಕೋರ್ಟು. ಇಲ್ಲಿ ನಮ್ಮವರು ಥಟ್ಟನೆ, ಹಲವರು ಒಂದೇ ಉದ್ದೇಶದಿಂದ ಮಾಡಿದ ಕೃತ್ಯಕ್ಕೆ ಎಲ್ಲರನ್ನೂ ಹೊಣೆ ಮಾಡುವ ಐಪಿಸಿ 34, ಈಗಿನ ಭಾರತೀಯ ನ್ಯಾಯ ಸಂಹಿತೆಯ 3(5), ನೆನೆಯುತ್ತಾರೆ. ನೆನೆಯಿರಿ, ಆದರೆ ಎರಡೂ ಒಂದೇ ಎನ್ನಬೇಡಿ. ನಮ್ಮಲ್ಲಿ ಸಮಾನ ಉದ್ದೇಶವೂ ಪಾಲ್ಗೊಳ್ಳುವಿಕೆಯೂ ಇದ್ದರೆ ಸಾಕು, ಆ ಪಾಲು ಇಲ್ಲದಿದ್ದರೆ ಅಪರಾಧವೇ ಆಗುತ್ತಿರಲಿಲ್ಲ ಎಂದು ತೋರಿಸಬೇಕಾಗಿಲ್ಲ.

ಪುಟಗಳನ್ನಲ್ಲ, ಈ ಪ್ರಶ್ನೆಗಳನ್ನು ಒಬ್ಬರಿಗೊಂದರಂತೆ ಹಂಚಿಕೊಳ್ಳಿ. ಪ್ರತಿ ಪ್ರಶ್ನೆಗೂ ಒಂದು ಹಾಳೆ. ಅದರಲ್ಲಿ ಪ್ರಾಸಿಕ್ಯೂಷನ್ ಏನೆಂದಿತು, ಪ್ರತಿವಾದಿ ಏನೆಂದರು, ಕೋರ್ಟು ಯಾವುದನ್ನು ಯಾಕೆ ಒಪ್ಪಿತು ಎಂದು ಬರೆಯಿರಿ, ಪಕ್ಕದಲ್ಲಿ ಪ್ಯಾರಾ ಸಂಖ್ಯೆ ಇರಲಿ. ಪುಟ ಸಂಖ್ಯೆ ಬೇಡ, ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ಪ್ಯಾರಾ ಸಂಖ್ಯೆ ಸಿಗದ ಮಾತನ್ನು ಹೊಡೆದುಹಾಕಿ. ಗುಂಪಿನಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ನ್ಯಾಯಮೂರ್ತಿಗಳು ಬೇರೆಯಾಗಿ ಬರೆದ ಪ್ರತ್ಯೇಕ ಅಭಿಪ್ರಾಯಗಳನ್ನು ಕೊಡಿ. ಲೈಂಗಿಕ ಹಿಂಸೆಯನ್ನೂ ಪರಿಗಣಿಸಬೇಕಿತ್ತು ಎಂದು ನ್ಯಾಯಮೂರ್ತಿ ಓಡಿಯೊ ಬೆನಿಟೊ ಬರೆದದ್ದು ಅಲ್ಲಿದೆ. ಅದನ್ನು ಬಹುಮತದ ತೀರ್ಪು ಎಂದು ಹೇಳಿ ಅಂಕ ಕಳೆದುಕೊಂಡವರನ್ನು ಕಂಡಿದ್ದೇನೆ.

ಸ್ಲೈಡು ಆರು ಸಾಕು. ಸುತ್ತಿಗೆ, ತಕ್ಕಡಿಯ ಚಿತ್ರ ತೆಗೆದು ಒಂದು ನಕಾಶೆ ಹಾಕಿ.

ಹಿಂದಿನ ದಿನ ಹಾಳೆ ಬದಲಿಸಿ

ಅಭ್ಯಾಸಕ್ಕೆ ಕೂತಾಗ ನಿಮ್ಮ ಹಾಳೆಯನ್ನು ಪಕ್ಕದವರಿಗೆ ಕೊಟ್ಟು ಅವರಿಂದ ಹೇಳಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನೀವು ಬರೆದದ್ದು ತಿಳಿಯಾಗಿಲ್ಲ. ಹಿನ್ನೆಲೆ ಹೇಳುವವರಿಗೆ ಮೂರು ನಿಮಿಷ, ಅದಕ್ಕಿಂತ ಹೆಚ್ಚು ಕೊಟ್ಟರೆ ತೀರ್ಪಿಗೆ ಹೊತ್ತೇ ಉಳಿಯದು.

ಭಾರತ ಈ ಅಪರಾಧ ನ್ಯಾಯಾಲಯದ ಸದಸ್ಯನೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಅದನ್ನು ಹುಟ್ಟುಹಾಕಿದ 1998ರ ರೋಮ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರವನ್ನೂ ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸದ್ದನ್ನೂ ಆಕ್ಷೇಪಿಸಿತ್ತು. ಇದು ಎಲ್ಲರ ಬಾಯಲ್ಲೂ ಇರಲಿ, ಒಬ್ಬರ ಪಾಲಿಗೆ ಬಿಡಬೇಡಿ.

ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲ. ಮುಖ್ಯ ಪ್ಯಾರಾಗಳ ಜೆರಾಕ್ಸ್ ಕೈಯಲ್ಲಿರಲಿ, ಒಂದು ಪ್ರತಿ ಮೇಷ್ಟ್ರ ಮೇಜಿನ ಮೇಲೂ.